ಗೆರೆ ಮುಟ್ಟದಿದ್ದರೆ ಉತ್ತರ ಎಲ್ಲಿ?

ಮಕ್ಕಳೇ, ಮನೆಯ ಅಜ್ಜ ಅಜ್ಜಿಯರೇ, ಈ ವಾರ ನಿಮ್ಮನ್ನು ಮೊದಲು ನಮ್ಮ ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ನಮ್ಮ ಅಡುಗೆಮನೆಗೆ. ಆಮೇಲೆ, ನಾನು ಮೇಷ್ಟರಮ್ಮನಾಗಿದ್ದ ಕಾಲದಲ್ಲಿ ಮಾಡಿದ ಒಂದು ತಪ್ಪಿನ ಹತ್ತಿರಕ್ಕೆ. ಒಂದು ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ ಜೊತೆಗಿರಲಿ.

ಮೊನ್ನೆ ಶನಿವಾರ ಮೊಮ್ಮಗ ಶಾಲೆಯಿಂದ ಬಂದವನೇ ಬ್ಯಾಗನ್ನು ಮೂಲೆಗೆ ಎಸೆದು, "ಅಜ್ಜಿ, ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ನಾನು ಲೆಕ್ಕದ ಮುಖ ನೋಡಲ್ಲ" ಅಂದ. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳ ಮೊಮ್ಮಗ! ಕಡಿಮೆ ಅಂಕ ಬಂದಿರಬೇಕು ಎಂದುಕೊಂಡು ಉತ್ತರಪತ್ರಿಕೆ ನೋಡಿದೆ. ಅಂಕ ಚೆನ್ನಾಗಿಯೇ ಬಂದಿತ್ತು.

"ಮತ್ತೇನೋ ನಿನ್ನ ತಕರಾರು?"

"ನೋಡಜ್ಜಿ, ಇಲ್ಲಿ 'ಶೋಧಕ ಸೊನ್ನೆಗಿಂತ ಕಡಿಮೆ, ಆದ್ದರಿಂದ ವಾಸ್ತವ ಮೂಲಗಳಿಲ್ಲ' ಅಂತ ಬರೆದೆ. ಪೂರ್ತಿ ಅಂಕ ಕೊಟ್ಟಿದಾರೆ. ಆದ್ರೆ ನಂಗೆ ಏನೂ ಗೊತ್ತಾಗಿಲ್ಲ. ಯಾಕೆ ಇಲ್ಲ? ಮೊದಲನೇ ಲೆಕ್ಕದಲ್ಲಿ ಎರಡು ಉತ್ತರ ಇತ್ತು, ಇದರಲ್ಲಿ ಎಲ್ಲಿ ಹೋಯ್ತು? ಗೊತ್ತಿಲ್ಲದೆ ಬರೆದು ಅಂಕ ತಗೊಳ್ಳೋದು ಕದ್ದ ಹಾಗೆ ಅನ್ಸುತ್ತೆ."

ಈ ಪ್ರಶ್ನೆಯನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ. ಆಗ ಮಾತ್ರ, "ನಡಿ, ಪೂಜೆಗೆ ಕುಂಕುಮ ತರಬೇಕು, ಮಾರ್ಕೆಟ್ಟಿಗೆ ಹೋಗಿಬರೋಣ" ಅಂದೆ. ಅವನ ತಂಗಿ ಪುಟ್ಟಿಯೂ ಚಪ್ಪಲಿ ಹಾಕಿಕೊಂಡು ಬಂದಳು.

ಕುಂಕುಮದ ರಾಶಿ

ಚಿಕ್ಕ ಗಡಿಯಾರದ ಕಡೆಯಿಂದ ಮಾರುಕಟ್ಟೆಯ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಕೆಲಸ. ಮಲ್ಲಿಗೆ, ಮರುಗ, ಬಾಳೆಹಣ್ಣು, ಊದುಬತ್ತಿ. ಆಮೇಲೆ ಕಣ್ಣಿಗೆ. ತಟ್ಟೆ ತಟ್ಟೆಯಲ್ಲಿ ಕುಂಕುಮ, ಅರಿಸಿನ, ನೀಲಿ, ಹಸಿರು ರಂಗೋಲಿ ಪುಡಿ. ಒಂದೊಂದನ್ನೂ ಕೈಯಲ್ಲಿ ತಟ್ಟಿ ತಟ್ಟಿ ಚೂಪಾದ ಗೋಪುರ ಮಾಡಿ ನಿಲ್ಲಿಸಿರುತ್ತಾರೆ. ಮೈಸೂರು ನೋಡಲು ಬಂದವರೆಲ್ಲ ಫೋಟೊ ತೆಗೆದುಕೊಳ್ಳುವುದು ಇದನ್ನೇ.

"ಈ ಆಕಾರಕ್ಕೆ ಏನಂತಾರೆ?" ಎಂದು ಕೇಳಿದೆ.

"ಶಂಕು. ಘನಫಲದ ಸೂತ್ರ ಹೇಳ್ಲಾ?"

"ಸೂತ್ರ ಇರಲಿ. ಒಂದು ರಟ್ಟಿನಿಂದ ಇದನ್ನು ಕತ್ತರಿಸಿದರೆ ಕತ್ತರಿಸಿದ ಜಾಗ ಯಾವ ಆಕಾರ ಇರುತ್ತೆ?"

ಅಂಗಡಿಯಾತ ನಮ್ಮ ಮಾತು ಕೇಳಿಸಿಕೊಂಡು, "ಅಮ್ಮಾ, ಕತ್ತರಿಸೋದೆಲ್ಲ ನಿಮ್ಮನೇಲಿ ಇಟ್ಕೊಳ್ಳಿ, ಬೆಳಿಗ್ಗೆಯಿಂದ ಕೂತು ಮಾಡಿದೀನಿ" ಅಂದ. ನ್ಯಾಯವಾದ ಮಾತು. ನೂರು ಗ್ರಾಂ ಕುಂಕುಮ ಕಟ್ಟಿಸಿಕೊಂಡು ಹೊರಟೆವು.

ಹೂವಿನ ಸಾಲಿನಲ್ಲಿ ಎರಡು ಮೊಳೆಗಳ ನಡುವೆ ಇಳಿಬಿಟ್ಟಿದ್ದ ಹಾರ ನೋಡಿ ಮೊಮ್ಮಗ, "ಅಜ್ಜಿ, ಇದು ಪರವಲಯ ಅಲ್ವಾ? ಪುಸ್ತಕದಲ್ಲಿ ಹೀಗೇ ಇದೆ" ಅಂದ. ನೋಡಲು ಹಾಗೇ ಕಾಣುತ್ತದೆ, ಆದರೆ ಅಲ್ಲ. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಎಂಬ ಹುಡುಗ 1646ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಇಳಿಬಿದ್ದ ಸರಪಳಿ ಪರವಲಯವಲ್ಲ ಎಂದು ಸಾಧಿಸಿ ತೋರಿಸಿದ. ಹಾಗಾದರೆ ನಿಜವಾದ ಪರವಲಯವನ್ನು ಎಲ್ಲಿ ನೋಡುವುದು? ಕನ್ನಂಬಾಡಿಯ ಬೃಂದಾವನದಲ್ಲಿ ಓರೆಯಾಗಿ ಚಿಮ್ಮಿ ಬಾಗಿ ಬೀಳುವ ಕಾರಂಜಿಯ ನೀರಿನಲ್ಲಿ ನೋಡಬಹುದು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಎಸೆದ ಕಲ್ಲೂ ಚಿಮ್ಮಿದ ನೀರೂ ಪರವಲಯದ ದಾರಿಯಲ್ಲೇ ಹೋಗುತ್ತವೆ. ಇದನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ.

ಚಪಾತಿ ಹಿಟ್ಟು ಮತ್ತು ಟಾರ್ಚು

ಮನೆಗೆ ಬಂದು ಚಪಾತಿ ಹಿಟ್ಟನ್ನು ಕೊಂಚ ಗಟ್ಟಿಯಾಗಿ ಕಲಸಿ, ಅಂಗೈಯಗಲದ ಶಂಕು ಮಾಡಿಕೊಟ್ಟೆ. ನೀವೂ ಮಾಡಿ. ಕತ್ತರಿಸುವಾಗ ಚಾಕು ದೊಡ್ಡವರ ಕೈಯಲ್ಲಿರಲಿ.

ಮೊದಲು ಮಣೆಗೆ ಸಮನಾಗಿ ಅಡ್ಡ ಕತ್ತರಿಸಿ. ಕತ್ತರಿಸಿದ ಮುಖ ವೃತ್ತ. ಹಿಟ್ಟನ್ನು ಮತ್ತೆ ಶಂಕು ಮಾಡಿ, ಚಾಕುವನ್ನು ಸ್ವಲ್ಪ ಓರೆ ಹಿಡಿದು ಈ ಬದಿಯಿಂದ ಆ ಬದಿಗೆ ಬರುವಂತೆ ಕತ್ತರಿಸಿ. ಈಗ ಮೊಟ್ಟೆಯಂತೆ ಉದ್ದವಾಯಿತು, ಅದು ದೀರ್ಘವೃತ್ತ. ಓರೆ ಹೆಚ್ಚಿಸುತ್ತಾ ಹೋಗಿ. ಚಾಕು ಎದುರು ಬದಿಯ ಇಳಿಜಾರಿಗೆ ಸರಿಯಾಗಿ ಸಮಾನಾಂತರವಾದಾಗ ಒಂದು ವಿಶೇಷ ನಡೆಯುತ್ತದೆ. ಚಾಕು ಎಷ್ಟು ಇಳಿದರೂ ಎದುರು ಬದಿಯನ್ನು ಮುಟ್ಟುವುದೇ ಇಲ್ಲ. ಬಾಗಿದ ಗೆರೆ ಮೇಲೆ ಮುಚ್ಚಿಕೊಂಡು, ಕೆಳಗೆ ತೆರೆದುಕೊಂಡೇ ಉಳಿಯುತ್ತದೆ. ಅದೇ ಪರವಲಯ. ಇನ್ನೂ ಕಡಿದಾಗಿ, ನೆಟ್ಟಗೆ ಕತ್ತರಿಸಿದರೆ ಅತಿಪರವಲಯ.

ಟಾರ್ಚಿದ್ದರೆ ಹಿಟ್ಟೂ ಬೇಡ. ಟಾರ್ಚಿನ ಬೆಳಕೇ ಒಂದು ಶಂಕು, ಗೋಡೆಯೇ ಚಾಕು. ಗೋಡೆಗೆ ನೇರವಾಗಿ ಹಿಡಿದರೆ ವೃತ್ತ. ನಿಧಾನವಾಗಿ ವಾಲಿಸುತ್ತಾ ಬಂದರೆ ಬೆಳಕು ಉದ್ದವಾಗುತ್ತಾ ಹೋಗಿ, ಒಂದು ಹಂತದಲ್ಲಿ ಅದರ ತುದಿ ಗೋಡೆಯ ಮೇಲೆ ಎಲ್ಲೂ ಮುಗಿಯದೆ ಓಡಿಹೋಗುತ್ತದೆ. ಓಡಿಹೋಗಲು ಶುರುವಾದ ಆ ಒಂದು ಕೋನದಲ್ಲಿ ಮಾತ್ರ ಅದು ಪರವಲಯ. ರಾತ್ರಿ ಕರೆಂಟು ಹೋದಾಗ ಪುಟ್ಟಿಗೆ ಇದೇ ಆಟ.

ಎರಡು ವಸ್ತುಗಳು ಒಂದನ್ನೊಂದು ಕತ್ತರಿಸುವ ಜಾಗಕ್ಕೆ ಲೆಕ್ಕದಲ್ಲಿ ಛೇದನ ಎನ್ನುತ್ತೇವೆ. ಪರವಲಯ ಹುಟ್ಟಿದ್ದೇ ಛೇದನದಿಂದ, ಶಂಕುವನ್ನು ಸಮತಲ ಕತ್ತರಿಸಿದ್ದರಿಂದ. ಪೆರ್ಗಾದ ಅಪೊಲೋನಿಯಸ್ ಎಂಬ ಗ್ರೀಕ್ ಪಂಡಿತ ಸುಮಾರು 2200 ವರ್ಷಗಳ ಹಿಂದೆ ಈ ಶಂಕು ಕತ್ತರಿಗಳ ಮೇಲೆಯೇ ಎಂಟು ಸಂಪುಟ ಬರೆದ.

ಸ್ಕೇಲು ಇಳಿಸುವ ಆಟ

ಈಗ ಗ್ರಾಫ್ ಹಾಳೆ ತೆಗೆದುಕೊಳ್ಳಿ. ಹಾಳೆಯ ಕೆಳಭಾಗದಲ್ಲಿ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಒಂದು ಅಡ್ಡಗೆರೆ, ನಡುವೆ ಒಂದು ನೆಟ್ಟಗಿನ ಗೆರೆ. ಎರಡೂ ಕೂಡುವ ಜಾಗ ಸೊನ್ನೆ. ಒಂದು ಸೆಂಟಿಮೀಟರಿಗೆ ಒಂದು ಎಣಿಸಿ. ಸೊನ್ನೆಯಿಂದ ಬಲಕ್ಕೆ 1 ಹೋಗಿ 1 ಮೇಲೇರಿ ಚುಕ್ಕೆ ಇಡಿ. 2 ಹೋಗಿ 4 ಮೇಲೆ, 3 ಹೋಗಿ 9 ಮೇಲೆ, 4 ಹೋಗಿ 16 ಮೇಲೆ. ಎಡಕ್ಕೂ ಹಾಗೆಯೇ. ಎಷ್ಟು ದೂರ ಹೋದೆವೋ ಅದರ ವರ್ಗದಷ್ಟು ಎತ್ತರ. ಚುಕ್ಕೆಗಳನ್ನು ನುಣುಪಾಗಿ ಸೇರಿಸಿದರೆ ತೊಟ್ಟಿಲಿನಂಥ ಗೆರೆ ಬರುತ್ತದೆ. ಅದು ಪರವಲಯ.

ಮೊಮ್ಮಗನಿಗೆ ಮೂರು ಒಗಟು ಹಾಕಿದೆ.

ಒಂದನೆಯದು: ಒಂದು ಸಂಖ್ಯೆಯ ವರ್ಗ, ಅದರ ಎರಡರಷ್ಟಕ್ಕಿಂತ 3 ಹೆಚ್ಚು. ಯಾವ ಸಂಖ್ಯೆ?

ಎರಡನೆಯದು: ಒಂದು ಸಂಖ್ಯೆಯ ವರ್ಗ, ಅದರ ಎರಡರಷ್ಟಕ್ಕಿಂತ 1 ಕಡಿಮೆ. ಯಾವುದು?

ಮೂರನೆಯದು: ಒಂದು ಸಂಖ್ಯೆಯ ವರ್ಗ, ಅದರ ಎರಡರಷ್ಟಕ್ಕಿಂತ 3 ಕಡಿಮೆ. ಯಾವುದು?

ವರ್ಗ ಎಂದರೆ ನಮ್ಮ ತೊಟ್ಟಿಲು ಗೆರೆ. "ಎರಡರಷ್ಟಕ್ಕಿಂತ ಇಷ್ಟು ಹೆಚ್ಚು, ಇಷ್ಟು ಕಡಿಮೆ" ಎನ್ನುವುದು ಒಂದು ಸರಳರೇಖೆ: ಒಂದು ಹೆಜ್ಜೆ ಬಲಕ್ಕೆ ಹೋದರೆ ಎರಡು ಮೇಲೇರುವ ಗೆರೆ. ಮೊದಲ ಒಗಟಿನ ಗೆರೆ ನಡುಗೆರೆಯನ್ನು 3ರಲ್ಲಿ ದಾಟುತ್ತದೆ. ಸ್ಕೇಲಿಟ್ಟು ಎಳೆದರೆ ಪರವಲಯವನ್ನು ಎರಡು ಕಡೆ ಕತ್ತರಿಸಿತು: ಬಲಕ್ಕೆ 3, ಎಡಕ್ಕೆ 1. ಎಡ ಎಂದರೆ ಋಣ. ಹಾಗಾಗಿ ಉತ್ತರ 3 ಮತ್ತು −1. ತಾಳೆ ನೋಡಿ: 3ರ ವರ್ಗ 9, ಅದು 6 ಮತ್ತು 3 ಸೇರಿದಷ್ಟು. ಸರಿ.

ಸ್ಕೇಲಿನ ಓರೆ ಬದಲಿಸದೆ ಅದನ್ನೇ ಕೆಳಕ್ಕೆ ಜಾರಿಸುತ್ತಾ ಬನ್ನಿ. ಕತ್ತರಿಸುವ ಎರಡು ಚುಕ್ಕೆಗಳು ಹತ್ತಿರ ಹತ್ತಿರ ಬರುತ್ತವೆ. ನಡುಗೆರೆಯಲ್ಲಿ −1ಕ್ಕೆ ಬಂದಾಗ ಎರಡೂ ಸೇರಿ ಒಂದೇ ಚುಕ್ಕೆ. ಗೆರೆ ಪರವಲಯವನ್ನು ಸುಮ್ಮನೆ ತಾಗಿ ನಿಂತಿದೆ. ಅದು ಸ್ಪರ್ಶಕ. ಎರಡನೆಯ ಒಗಟಿಗೆ ಒಂದೇ ಉತ್ತರ: 1.

ಇನ್ನೂ ಜಾರಿಸಿ, −3ಕ್ಕೆ ತನ್ನಿ. ಗೆರೆ ಎಲ್ಲೂ ಮುಟ್ಟಲಿಲ್ಲ.

ಮೊಮ್ಮಗ ಬಗ್ಗಿ ನೋಡಿದ. ಎದ್ದ. "ಅಜ್ಜಿ! ಶೋಧಕ ಸೊನ್ನೆಗಿಂತ ಜಾಸ್ತಿ, ಸೊನ್ನೆ, ಸೊನ್ನೆಗಿಂತ ಕಡಿಮೆ ಅಂದ್ರೆ ಇದಾ? ಎರಡು ಕಡೆ ಕತ್ತರಿಸೋದು, ಒಂದು ಕಡೆ ತಾಗೋದು, ತಾಗದೇ ಇರೋದು?"

"ಇದೇ ಕಣೋ. ಮೂರಕ್ಕೂ ಶೋಧಕ ಲೆಕ್ಕ ಹಾಕು."

ಹಾಕಿದ. 16, 0, −8.

ಕಿಟಕಿ ಪಕ್ಕದ ಹುಡುಗ

ಈಗ ಆ ತಪ್ಪಿನ ವಿಷಯ. ನಾನು ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ಡಿಸೆಂಬರ್ ತಿಂಗಳು, ಪೋರ್ಷನ್ ಮುಗಿದಿರಲಿಲ್ಲ. ಬೋರ್ಡಿನ ಮೇಲೆ ಇದೇ ಮೂರು ಗೆರೆ ಎಳೆದು, ಮೂರನೆಯದಕ್ಕೆ "ಮೂಲಗಳಿಲ್ಲ" ಎಂದು ಬರೆದು ಮುಂದಕ್ಕೆ ಹೊರಟಿದ್ದೆ. ಕಿಟಕಿ ಪಕ್ಕದ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಗೆರೆ ಮುಟ್ಟದಿದ್ರೆ ಉತ್ತರ ಎಲ್ಲಿರುತ್ತೆ?" ಎಂದು ಕೇಳಿದ. ಯಾವತ್ತೂ ಬಾಯಿ ಬಿಡದ ಹುಡುಗ.

"ಇಲ್ಲ ಅಂದ್ರೆ ಇಲ್ಲ. ಎಲ್ಲಿರುತ್ತೆ ಅಂದ್ರೆ ಏನರ್ಥ? ಪೋರ್ಷನ್ನಲ್ಲಿ ಇಲ್ಲದ್ದು ಕೇಳಬೇಡ, ಕೂತ್ಕೋ" ಅಂದೆ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆನೋ ಏನೋ. ಆ ವರ್ಷ ಪೂರ್ತಿ ಅವನು ಮತ್ತೆ ಏನನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಪಾಸಾದ, ಹೋದ.

ನನಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಎರಡು ನಿಮಿಷ ಕೊಟ್ಟಿದ್ದರೆ ಸಾಕಿತ್ತು. ಆ ಎರಡು ನಿಮಿಷವನ್ನು ಮೊನ್ನೆ ಮೊಮ್ಮಗನಿಗೆ ಕೊಟ್ಟೆ. ಇವತ್ತು ಇಲ್ಲಿ ಕೊಡುತ್ತಿದ್ದೇನೆ.

ಮುಟ್ಟದ ಗೆರೆಯ ಚಿತ್ರ ಮತ್ತೆ ನೋಡಿ. ಸೊನ್ನೆಯ ಹತ್ತಿರ ಪರವಲಯಕ್ಕೂ ಗೆರೆಗೂ ನಡುವೆ ಎಷ್ಟು ಚೌಕ? ನೆಟ್ಟಗೆ ಎಣಿಸಿ: 3. ಬಲಕ್ಕೆ 1ರಲ್ಲಿ? 2. ಬಲಕ್ಕೆ 2ರಲ್ಲಿ? ಮತ್ತೆ 3. ಅಂದರೆ 1ರಲ್ಲಿ ಎರಡೂ ಅತಿ ಹತ್ತಿರ ಬಂದು, 2 ಅಂತರದಲ್ಲಿ ತಪ್ಪಿಸಿಕೊಂಡವು. ಈಗ ಶೋಧಕ ನೋಡಿ: −8. ಋಣಚಿಹ್ನೆ ಬಿಟ್ಟು ಅದನ್ನು 4ರಿಂದ ಭಾಗಿಸಿದರೆ 2! ಇಂಥ ಒಗಟುಗಳಲ್ಲಿ ಶೋಧಕ "ಇಲ್ಲ" ಎಂದಷ್ಟೇ ಹೇಳುವುದಿಲ್ಲ. ಎಷ್ಟರಲ್ಲಿ ತಪ್ಪಿತು ಎಂದೂ ಹೇಳುತ್ತದೆ. ನಮ್ಮ ಹುಡುಗ ಪರೀಕ್ಷೆಯಲ್ಲಿ ಬರೆದಿದ್ದ ಋಣಸಂಖ್ಯೆಯಲ್ಲಿ ಇಷ್ಟೆಲ್ಲ ಇತ್ತು.

ಯಾಕೆ ಮುಟ್ಟುವುದಿಲ್ಲ? ಮೂರನೆಯ ಒಗಟನ್ನು ಬಿಡಿಸುತ್ತಾ ಹೋದರೆ, ಸಂಖ್ಯೆಯಿಂದ 1 ಕಳೆದು ವರ್ಗ ಮಾಡಿದರೆ −2 ಬರಬೇಕು ಎನ್ನುವಲ್ಲಿಗೆ ನಿಲ್ಲುತ್ತದೆ. ಧನಸಂಖ್ಯೆಯ ವರ್ಗವೂ ಧನ, ಋಣಸಂಖ್ಯೆಯ ವರ್ಗವೂ ಧನ. −2 ಎಲ್ಲಿಂದ ಬರಬೇಕು? ಈ ಮಾತನ್ನು ಸ್ಪಷ್ಟವಾಗಿ ಹೇಳಿದವರು ನಮ್ಮ ನಾಡಿನ ಮಹಾವೀರಾಚಾರ್ಯರು. ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದಿದ್ದಾರೆ. ಆ ಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿಯಾಗಿದ್ದ ಪದ್ಮಾವತಮ್ಮನವರು ಕನ್ನಡಕ್ಕೆ ತಂದಿದ್ದಾರೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಷ್ಟೋ ಶತಮಾನಗಳ ನಂತರ ಗಣಿತಜ್ಞರು ಋಣಸಂಖ್ಯೆಗೂ ವರ್ಗಮೂಲ ಇರುವಂಥ ಹೊಸ ಸಂಖ್ಯೆಗಳನ್ನೇ ಕಟ್ಟಿದರು. ಪಿಯುಸಿಯಲ್ಲಿ ಸಮ್ಮಿಶ್ರ ಸಂಖ್ಯೆಗಳು ಎಂಬ ಪಾಠವಾಗಿ ಅದು ಬರುತ್ತದೆ. ಮೂರನೆಯ ಒಗಟಿಗೆ ಅಲ್ಲಿ ಎರಡು ಉತ್ತರಗಳಿವೆ, ಆ ಉತ್ತರಗಳ ಒಳಗೆ ನಾವು ಈಗ ಕಂಡ 1 ಮತ್ತು 2 ಎರಡೂ ಕೂತಿರುತ್ತವೆ. ನಮ್ಮ ಹಾಳೆಯ ಮೇಲೆ ಉತ್ತರ ಇಲ್ಲ, ನಿಜ. ಆದರೆ "ಎಲ್ಲಿರುತ್ತೆ?" ಎಂದು ಕೇಳಿದ ಹುಡುಗ ತಪ್ಪು ಕೇಳಿರಲಿಲ್ಲ.

ಗುಣಿಸುವ ಪರವಲಯ

ಅಣ್ಣನ ಹಾಳೆ ನೋಡುತ್ತಿದ್ದ ಪುಟ್ಟಿಗೆ ಒಂದು ಆಟ ಬೇಕಾಗಿತ್ತು. ಅವಳಿಗೆ ಹೇಳಿದೆ: ಪರವಲಯದ ಎಡಬದಿಯಲ್ಲಿ 3ರ ಚುಕ್ಕೆ ಹಿಡಿ, ಬಲಬದಿಯಲ್ಲಿ 4ರ ಚುಕ್ಕೆ. ಸ್ಕೇಲಿಟ್ಟು ಸೇರಿಸು. ನಡುಗೆರೆಯನ್ನು ಎಲ್ಲಿ ಕತ್ತರಿಸಿತು?

"ಹನ್ನೆರಡು!"

ಎಡಕ್ಕೆ 2, ಬಲಕ್ಕೆ 4?

"ಎಂಟು! ಅಜ್ಜಿ, ಇದು ಮಗ್ಗಿ ಹೇಳುತ್ತೆ!"

ಹೇಳುತ್ತದೆ. ಗೆರೆ ಪರವಲಯವನ್ನು ಕತ್ತರಿಸುವ ಎರಡು ಜಾಗಗಳೇ ಸಮೀಕರಣದ ಮೂಲಗಳು. ನಡುಗೆರೆಯನ್ನು ದಾಟುವ ಎತ್ತರ ಅವುಗಳ ಗುಣಲಬ್ಧ, ಚಿಹ್ನೆ ಮಾತ್ರ ತಿರುಗುಮುರುಗು. ಮೊದಲ ಒಗಟಿನಲ್ಲಿ ಬಲಕ್ಕೆ 3, ಎಡಕ್ಕೆ 1, ದಾಟಿದ್ದು 3ರಲ್ಲಿ. ಹತ್ತನೆಯ ತರಗತಿಯವರು "ಮೂಲಗಳ ಗುಣಲಬ್ಧ" ಎಂಬ ಸೂತ್ರದ ಪಕ್ಕ ಈ ಚಿತ್ರ ಬರೆದಿಟ್ಟುಕೊಳ್ಳಿ.

ಇದರಲ್ಲಿ ಇನ್ನೊಂದು ಗುಟ್ಟಿದೆ. ಎರಡೂ ಬದಿಯಲ್ಲಿ 1ನ್ನು ಬಿಟ್ಟು 2, 3, 4, 5 ಹೀಗೆ ಎಲ್ಲ ಚುಕ್ಕೆಗಳನ್ನೂ ಒಂದಕ್ಕೊಂದು ಸೇರಿಸಿದರೆ ನಡುಗೆರೆಯ ಮೇಲೆ 4, 6, 8, 9, 10 ಎಲ್ಲಕ್ಕೂ ಗೆರೆ ಬೀಳುತ್ತದೆ. 1ನ್ನು ಬಿಟ್ಟರೆ ಯಾವ ಗೆರೆಯೂ ಬೀಳದೆ ಉಳಿಯುವುದು 2, 3, 5, 7, 11, 13. ಅವೇ ಅವಿಭಾಜ್ಯ ಸಂಖ್ಯೆಗಳು! ರಷ್ಯಾದ ಗಣಿತಜ್ಞರಾದ ಯೂರಿ ಮತಿಯಸೇವಿಚ್ ಮತ್ತು ಬೋರಿಸ್ ಸ್ಟೆಚ್ಕಿನ್ ತೋರಿಸಿಕೊಟ್ಟ ಜರಡಿ ಇದು.

ಎರಡರಷ್ಟು ಹಿಡಿಸುವ ಡಬ್ಬ

ಕೊನೆಗೆ ಕುಂಕುಮ ತುಂಬಿಡುವ ಹೊತ್ತು. ನಮ್ಮ ಹಳೆಯ ಚೌಕದ ಡಬ್ಬ ತುಂಬಿಹೋಯಿತು. "ಇದರ ಎರಡರಷ್ಟು ಹಿಡಿಸೋ ಡಬ್ಬ ಬೇಕು, ಎಲ್ಲಾ ಬದಿ ಎರಡರಷ್ಟು ಮಾಡಿದ್ರೆ ಆಯ್ತು" ಅಂದಳು ಪುಟ್ಟಿ. ಆಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಾದರೆ ಎಂಟರಷ್ಟು ಹಿಡಿಸುತ್ತದೆ. ಹಾಗಾದರೆ ಬದಿ ಎಷ್ಟಿರಬೇಕು?

ಚೌಕವನ್ನು ಎರಡರಷ್ಟು ಮಾಡುವುದು ಸುಲಭ. ಕರ್ಣದ ಮೇಲೆ ಇನ್ನೊಂದು ಚೌಕ ಕಟ್ಟಿದರೆ ಸಾಕು. ಯಜ್ಞವೇದಿಗಳನ್ನು ಅಳೆಯುತ್ತಿದ್ದ ನಮ್ಮ ಶುಲ್ಬಸೂತ್ರಗಳಲ್ಲೇ ಅದಿದೆ. ಘನವನ್ನು ಎರಡರಷ್ಟು ಮಾಡುವುದು ಮಾತ್ರ ದೊಡ್ಡ ತಲೆನೋವು. ಗ್ರೀಕರು ಇದಕ್ಕೊಂದು ಕಥೆ ಹೇಳುತ್ತಾರೆ. ಡೆಲೋಸ್ ದ್ವೀಪದಲ್ಲಿ ಸಾಂಕ್ರಾಮಿಕ ರೋಗ ಬಂದಾಗ, ಘನಾಕಾರದ ಬಲಿಪೀಠವನ್ನು ಎರಡರಷ್ಟು ಮಾಡಿ ಎಂದು ದೇವವಾಣಿ ಆಯಿತಂತೆ. ಯಾರಿಗೂ ತಿಳಿಯಲಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಮೆನೆಕ್ಮಸ್ ಎಂಬವನು ದಾರಿ ಕಂಡುಕೊಂಡ: ಎರಡು ಪರವಲಯಗಳನ್ನು ಒಂದಕ್ಕೊಂದು ಕತ್ತರಿಸಿದ.

ಈಗಿನ ಭಾಷೆಯಲ್ಲಿ ಅದನ್ನು ನೀವೂ ಮಾಡಬಹುದು. ಹೊಸ ಹಾಳೆಯಲ್ಲಿ 5 ಸೆಂಟಿಮೀಟರಿಗೆ ಒಂದರಂತೆ ಎಣಿಸಿ ಮೊದಲಿನ ತೊಟ್ಟಿಲು ಬರೆಯಿರಿ. ಅದರ ಮೇಲೆ ಮಗ್ಗುಲಾಗಿ ಮಲಗಿದ ಇನ್ನೊಂದು: ಎಷ್ಟು ಮೇಲೇರುತ್ತೇವೋ ಅದರ ವರ್ಗದ ಅರ್ಧದಷ್ಟು ಬಲಕ್ಕೆ. 1 ಮೇಲೇರಿದರೆ ಅರ್ಧ ಬಲಕ್ಕೆ, 2 ಮೇಲೇರಿದರೆ 2 ಬಲಕ್ಕೆ. ಎರಡೂ ಸೊನ್ನೆಯಲ್ಲಿ ಒಮ್ಮೆ ಸೇರುತ್ತವೆ, ಇನ್ನೊಮ್ಮೆ ಬಲಕ್ಕೆ ಸುಮಾರು 1.26ರಲ್ಲಿ ಕತ್ತರಿಸುತ್ತವೆ. ಅದೇ ಉತ್ತರ. 10 ಸೆಂಟಿಮೀಟರ್ ಬದಿಯ ಡಬ್ಬ 1000 ಘನ ಸೆಂಟಿಮೀಟರ್ ಹಿಡಿಸಿದರೆ, 12.6 ಸೆಂಟಿಮೀಟರ್ ಬದಿಯದು 2000ಕ್ಕೆ ಕೂದಲೆಳೆಯಷ್ಟು ಹೆಚ್ಚು. ಬರೀ ಗೆರೆಯ ಪಟ್ಟಿ ಮತ್ತು ಕೈವಾರದಿಂದ ಇದು ಸಾಧ್ಯವೇ ಇಲ್ಲ ಎಂದು ಫ್ರಾನ್ಸಿನ ಪಿಯರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿದ. ಮೆನೆಕ್ಮಸ್ ಪರವಲಯ ಬಳಸಿದ್ದು ಸುಮ್ಮನೆ ಅಲ್ಲ.

ಮೊಮ್ಮಗ ರಾತ್ರಿ ಊಟದ ಹೊತ್ತಿಗೂ ಸ್ಕೇಲು ಜಾರಿಸುತ್ತಲೇ ಇದ್ದ. ಲೆಕ್ಕದ ಮುಖ ನೋಡುವುದಿಲ್ಲ ಎಂದಿದ್ದನ್ನು ನಾನು ನೆನಪಿಸಲಿಲ್ಲ. ಅವನೂ ಆ ಮಾತು ಎತ್ತಲಿಲ್ಲ.

ಈ ವಾರದ ಕೆಲಸ

ಮಕ್ಕಳೇ, ಹೊಸ ಒಗಟು: ಒಂದು ಸಂಖ್ಯೆಯ ವರ್ಗ, ಅದರ ನಾಲ್ಕರಷ್ಟಕ್ಕಿಂತ 5 ಕಡಿಮೆ. ಗೆರೆ ಪರವಲಯವನ್ನು ಮುಟ್ಟುತ್ತದೆಯೇ? ಮುಟ್ಟದಿದ್ದರೆ ಎಲ್ಲಿ ಅತಿ ಹತ್ತಿರ ಬರುತ್ತದೆ, ಎಷ್ಟು ಅಂತರದಲ್ಲಿ ತಪ್ಪುತ್ತದೆ? ಮೊದಲು ಚೌಕ ಎಣಿಸಿ, ಆಮೇಲೆ ಶೋಧಕದಿಂದ ತಾಳೆ ನೋಡಿ.

ಅಜ್ಜ ಅಜ್ಜಿಯರೇ, ನಿಮ್ಮ ಕೆಲಸ ಟಾರ್ಚು ಹಿಡಿಯುವುದು, ಹಿಟ್ಟು ಕಲಸುವುದು. ಮಗು ಕೇಳಿದ್ದು ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಕಣಪ್ಪ, ನೋಡೋಣ ಬಾ" ಅನ್ನಿ. ನಾನು ಅಂದಂತೆ "ಕೂತ್ಕೋ" ಅನ್ನಬೇಡಿ.

ಕಿಟಕಿ ಪಕ್ಕದ ಆ ಹುಡುಗನಿಗೆ ಈಗ ಐವತ್ತರ ಹತ್ತಿರ ವಯಸ್ಸಾಗಿರಬೇಕು. ಅವನ ಮನೆಗೂ ಈ ಪತ್ರಿಕೆ ಬರುತ್ತಿರಬಹುದು. ಅಪ್ಪಾ, ನಿನ್ನ ಪ್ರಶ್ನೆ ಚೆನ್ನಾಗಿತ್ತು. ಉತ್ತರ ಕೊಡುವುದು ನನ್ನಿಂದ ತಡವಾಯಿತು.